ಪುರಸಭೆಯ ಬಾಗಿಲು ತೆರೆದ ಬಗೆ

ಪ್ರಜಾಪ್ರಭುತ್ವದ ತವರೆಂದು ನಾವು ತರಗತಿಯಲ್ಲಿ ಓದಿದ ಬ್ರಿಟನ್ನಿನಲ್ಲಿಯೂ ಸ್ಥಳೀಯ ಕೌನ್ಸಿಲಿನ ಸಭೆಯನ್ನು ಕಣ್ಣಾರೆ ಕಾಣುವ ಹಕ್ಕು ಜನರಿಗೆ ಸುಲಭವಾಗಿ ದಕ್ಕಲಿಲ್ಲ. ವೇಲ್ಸ್‌ನ ಟೆನ್‌ಬಿ ಪಟ್ಟಣದ ಕೌನ್ಸಿಲು ಪತ್ರಿಕೆಯವರೊಬ್ಬರನ್ನು ಹೊರಗಿಟ್ಟಾಗ ನ್ಯಾಯಾಲಯವೂ ಕೌನ್ಸಿಲಿನ ಪರವಾಗಿಯೇ ತೀರ್ಪಿತ್ತಿತು. ಅದರ ಬೆನ್ನಿಗೇ ಬಂದ 1908ರ ಕಾಯಿದೆಯು ಪತ್ರಕರ್ತರಿಗೆ ಪ್ರವೇಶ ನೀಡಿತು. ಆದರೆ ಇಡೀ ಕೌನ್ಸಿಲನ್ನೇ ‘ಸಮಿತಿ’ಯೆಂದು ಕರೆದು ಬಾಗಿಲು ಮುಚ್ಚುವ ಉಪಾಯವನ್ನು ಕೆಲವರು ಕಂಡುಕೊಂಡರು. ಇದನ್ನು ತಡೆಯಲು ಮಸೂದೆ ತಂದವರು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೇಟ್ ಥ್ಯಾಚರ್. ಅವರ ಚೊಚ್ಚಲ ಭಾಷಣವೇ ಅದರ ಮೇಲೆ. 1960ರ ಆ ಕಾಯಿದೆಯಿಂದ ಸಾರ್ವಜನಿಕರಿಗೂ ಪ್ರವೇಶ ದೊರೆಯಿತು. ಛಾಯಾಚಿತ್ರಕ್ಕೆ ಅವಕಾಶ ಕೊಡಲೇಬೇಕೆಂದು ಮಾತ್ರ ಅದು ವಿಧಿಸಲಿಲ್ಲ.

2011ರಲ್ಲಿ ವೇಲ್ಸ್‌ನ ಕಾರ್ಮಾರ್ದನ್‌ಷೈರ್ ಕೌನ್ಸಿಲಿನ ಸಭೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ ಮಹಿಳೆಯೊಬ್ಬರನ್ನು ಪೊಲೀಸರು ಬಂಧಿಸಿದರು. ಇಂಗ್ಲೆಂಡಿನಲ್ಲಿ 2014ರ ಆಗಸ್ಟ್ 6ರಿಂದ, ಸಾರ್ವಜನಿಕರಿಗೆ ತೆರೆದ ಕೌನ್ಸಿಲ್ ಸಭೆಗಳ ಚಿತ್ರೀಕರಣ ಹಕ್ಕಾಯಿತು. ವೇಲ್ಸ್ ತನ್ನ 2021ರ ಕಾಯಿದೆಯ ಮೂಲಕ ಪ್ರಮುಖ ಕೌನ್ಸಿಲುಗಳೇ ತಮ್ಮ ಪೂರ್ಣಸಭೆಯನ್ನು ಪ್ರಸಾರ ಮಾಡಬೇಕೆಂದು ಗೊತ್ತುಪಡಿಸಿತು.

ಲೇಖನಿ ಒಳಹೊಕ್ಕ ಬಾಗಿಲಿನಲ್ಲಿ ಕ್ಯಾಮರಾ ಒಳಹೋಗಲು ನೂರು ವರ್ಷಗಳಿಗೂ ಮಿಗಿಲಾಗಿ ಹಿಡಿಯಿತು. ವಿದ್ಯಾರ್ಥಿ ಮಿತ್ರರೇ, ಗಮನಿಸಿ: ಹೊರಗೆ ನಿಂತವರು ಬಾಗಿಲು ತಟ್ಟಿದಾಗಲೆಲ್ಲ ಅದು ಒಂದಿಷ್ಟೇ ತೆರೆದುಕೊಂಡಿದೆ. ತಟ್ಟುವುದನ್ನು ನಿಲ್ಲಿಸಿದ್ದರೆ ಮುಚ್ಚಿಯೇ ಇರುತ್ತಿತ್ತು.