ಕಲ್ಲಿಕೋಟೆಯ ಹೆಣ್ಣುಮಕ್ಕಳ ತಂಡ

ಗುಂಡ್ಲುಪೇಟೆಯಿಂದ ಕಾಡು ದಾಟಿ ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ ಹೋಗುವ ಹೆದ್ದಾರಿ ಎಂದೊಡನೆ ನಮಗೆ ನೆನಪಾಗುವುದು 2009ರಿಂದ ನಡೆದಿರುವ ರಾತ್ರಿ ಸಂಚಾರ ನಿಷೇಧದ ಜಗಳ. ಅದೇ ದಾರಿಯ ಕೊನೆಯ ಊರನ್ನು ತವರು ಮಾಡಿಕೊಂಡು 2017ರಲ್ಲಿ ‘ಗೋಕುಲಂ ಕೇರಳ’ ಎಂಬ ಫುಟ್ಬಾಲ್ ಕ್ಲಬ್ ಹುಟ್ಟಿತು. ಗೋಕುಲಂ ಎಂಬುದು ಚಿಟ್ ಫಂಡ್ ನಡೆಸುವ ಸಂಸ್ಥೆಯ ಹೆಸರು. ಆದರೆ ಕ್ಲಬ್ಬಿನವರು ತಮ್ಮನ್ನು ಕರೆದುಕೊಂಡದ್ದು ‘ಮಲಬಾರಿಯನ್ಸ್’ ಎಂದು. ದುಡ್ಡು ಕಂಪೆನಿಯದು, ಅಭಿಮಾನ ನಾಡಿನದು. ವ್ಯಾಪಾರದ ಜಾಣತನವೇ ಸರಿ. ನಮಗೆ ಮುಖ್ಯವೆನಿಸುವುದು, 2017-18ರಲ್ಲೇ ಮಹಿಳಾ ತಂಡ ಕಟ್ಟಿ ಅದಕ್ಕೂ ಅದೇ ಹೆಸರನ್ನು ಕೊಟ್ಟದ್ದು.

ಭಾರತೀಯ ಮಹಿಳಾ ಲೀಗ್ ಶುರುವಾದದ್ದೇ 2017ರ ಜನವರಿಯಲ್ಲಿ. 2020ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಗೋಕುಲಂ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಮಣಿಸಿತು. ಗೆಲುವಿನ ಗೋಲು ನೇಪಾಳದ ಸಬಿತ್ರಾ ಭಂಡಾರಿಯದು. 2022ರಲ್ಲಿ ಮತ್ತೆ ಲೀಗ್ ಗೆದ್ದು, ಏಷ್ಯಾದ ಕ್ಲಬ್ ಟೂರ್ನಿಗಾಗಿ ಆಟಗಾರ್ತಿಯರು ತಾಷ್ಕೆಂಟ್ ತಲುಪಿದ ಹೊತ್ತಿಗೆ ಫಿಫಾ ಭಾರತದ ಫುಟ್ಬಾಲ್ ಒಕ್ಕೂಟವನ್ನೇ ಅಮಾನತುಗೊಳಿಸಿತು. ಒಕ್ಕೂಟದ ಆಡಳಿತದ ಜಗಳಕ್ಕೂ ಈ ಹೆಣ್ಣುಮಕ್ಕಳಿಗೂ ಏನು ಸಂಬಂಧ? ತಂಡ ಅಲ್ಲಿಂದಲೇ ಪ್ರಧಾನಿಗೆ ಮನವಿ ಮಾಡಿತು. ಆಗಸ್ಟ್ 26ರಂದು ಅಮಾನತು ತೆರವಾಯಿತು. ಅಷ್ಟರಲ್ಲಿ ಅವರ ಅವಕಾಶ ಕೈತಪ್ಪಿತ್ತು. ಒಂದು ಪಂದ್ಯವನ್ನೂ ಆಡದೆ ಅವರು ಮರಳಬೇಕಾಯಿತು.

ಮರುವರ್ಷ ಮೇ 21ರಂದು ಅಹಮದಾಬಾದಿನಲ್ಲಿ ಅವರು ಮೂರನೇ ಬಾರಿ ಲೀಗ್ ಗೆದ್ದರು. 5-0ರಿಂದ ಸೋತದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ.