ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಪರದೆ ಮತ್ತು ಶಟ್‌ಡೌನ್ ಸಮಸ್ಯೆಗಳ ನಿವಾರಣೆ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಿದ ಗಣಕಯಂತ್ರಗಳಲ್ಲಿ ಪರದೆ ಕಪ್ಪಾಗಿಯೇ ಉಳಿಯುವುದು, ಚಿತ್ರ ಮತ್ತು ಅಕ್ಷರಗಳು ತಪ್ಪು ಗಾತ್ರದಲ್ಲಿ ಕಾಣುವುದು, ಶಟ್‌ಡೌನ್ ಆದೇಶ ನೀಡಿದರೂ ಯಂತ್ರ ಆರದಿರುವುದು ಮುಂತಾದ ತೊಂದರೆಗಳು ಕಂಡುಬರುತ್ತವೆ. ಇವುಗಳಲ್ಲಿ ಹಲವು ಯಂತ್ರಾಂಶದ ಕೆಡುಕಿನಿಂದ ಉಂಟಾದವಲ್ಲ. ವ್ಯವಸ್ಥೆಯ ಒಂದು ಭಾಗವು ಇನ್ನೊಂದಕ್ಕಾಗಿ ಕಾಯುತ್ತಿರುವುದು ಅಥವಾ ಅದರಿಂದ ಸರಿಯಾದ ಮಾಹಿತಿ ಪಡೆಯದಿರುವುದು ಇವುಗಳಿಗೆ ಕಾರಣ.

ಇಂಥ ಸಂದರ್ಭಗಳಲ್ಲಿ ವಿದ್ಯುತ್ ಗುಂಡಿಯನ್ನು ಒತ್ತಿಹಿಡಿದು ಗಣಕವನ್ನು ಆರಿಸುವ ರೂಢಿ ಇದೆ. ಆದರೆ ಲಿನಕ್ಸ್ ಕರ್ನಲ್ ಬರೆಯಬೇಕಾದ ದತ್ತಾಂಶವನ್ನು ಮೊದಲು ಸ್ಮೃತಿಯಲ್ಲಿ ಇರಿಸಿಕೊಂಡು, ಅನಂತರ ಡಿಸ್ಕ್‌ಗೆ ವರ್ಗಾಯಿಸುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಈ ವಿಳಂಬ ಸುಮಾರು 30 ಸೆಕೆಂಡುಗಳಷ್ಟಿರಬಹುದು. ಆ ಅವಧಿಯಲ್ಲಿ ವಿದ್ಯುತ್ ಕಡಿದರೆ ಉಳಿಸಿದೆವೆಂದು ಬಳಕೆದಾರರು ಭಾವಿಸಿದ ಕಡತವೂ ನಷ್ಟವಾಗಬಹುದು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಜರ್ನಲ್ ತನ್ನ ರಚನೆಯನ್ನು ಕಾಪಾಡಿಕೊಳ್ಳುತ್ತದೆಯೇ ಹೊರತು, ಡಿಸ್ಕ್‌ಗೆ ತಲುಪದ ವಿಷಯವನ್ನು ಮರಳಿ ತರಲಾರದು.

ದೋಷ ಇರುವ ಸ್ತರವನ್ನು ಗುರುತಿಸುವುದು

ಲಿನಕ್ಸ್‌ನಲ್ಲಿ ಚಿತ್ರಾತ್ಮಕ ಡೆಸ್ಕ್‌ಟಾಪ್ ಕರ್ನಲ್‌ನ ಭಾಗವಲ್ಲ. ಅದರ ಮೇಲೆ ನಡೆಯುವ ಪ್ರತ್ಯೇಕ ತಂತ್ರಾಂಶ. ಆದ್ದರಿಂದ ಪರದೆ ಸ್ತಬ್ಧವಾದರೂ ಕರ್ನಲ್ ಕೆಲಸ ಮಾಡುತ್ತಿರಬಹುದು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಪಠ್ಯರೂಪದ ಲಾಗಿನ್ ಪರದೆ ಮೂಡಿದರೆ ದೋಷ ಚಿತ್ರಾತ್ಮಕ ಸ್ತರದಲ್ಲಿದೆ ಎಂದು ತಿಳಿಯಬಹುದು. ಅಲ್ಲಿಂದಲೇ ಲಾಗಿನ್ ಆಗಿ, ಗಣಕವನ್ನು ಕ್ರಮಬದ್ಧವಾಗಿ ಮರುಪ್ರಾರಂಭಿಸಲು ಸಾಧ್ಯ.

ಕಪ್ಪು ಪರದೆ

ಪರದೆಯ ರೆಸಲ್ಯೂಶನ್ ಮತ್ತು ಬಣ್ಣದ ಆಳವನ್ನು ಕರ್ನಲ್ ತಾನೇ ನಿಗದಿಪಡಿಸುವ ಕ್ರಮಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಎಂದು ಹೆಸರು. 2009ರಲ್ಲಿ ಬಿಡುಗಡೆಯಾದ ಕರ್ನಲ್ 2.6.29 ಆವೃತ್ತಿಯಲ್ಲಿ ಇದು ಇಂಟೆಲ್ ಗ್ರಾಫಿಕ್ಸ್‌ಗೆ ದೊರೆಯಿತು. ಅದಕ್ಕೂ ಮೊದಲು ಈ ಕೆಲಸವನ್ನು ಎಕ್ಸ್ ಸರ್ವರ್ ನಿರ್ವಹಿಸುತ್ತಿತ್ತು. ಗ್ರಾಫಿಕ್ಸ್ ಚಾಲಕ ತಂತ್ರಾಂಶವು ಕಾರ್ಡ್‌ಗೆ ಹೊಂದದಿದ್ದರೆ, ಈ ಹಂತದಲ್ಲಿಯೇ ಪರದೆ ಕಪ್ಪಾಗುತ್ತದೆ.

ಆಗ ಗ್ರಬ್ ಪಟ್ಟಿಯಲ್ಲಿ ಇ ಕೀಲಿಯನ್ನು ಒತ್ತಿ, ಲಿನಕ್ಸ್ ಎಂಬ ಪದದಿಂದ ಆರಂಭವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂಬ ಸೂಚನೆಯನ್ನು ಆಂಗ್ಲ ಸಣ್ಣಕ್ಷರಗಳಲ್ಲಿ, ನಡುವೆ ಅಂತರವಿಲ್ಲದೆ ಸೇರಿಸಿ, ಎಫ್10 ಒತ್ತಬೇಕು. ಈ ಬದಲಾವಣೆ ಆ ಒಂದು ಬಾರಿಗೆ ಮಾತ್ರ ಅನ್ವಯಿಸುತ್ತದೆ. ಇದರಿಂದ ಗ್ರಾಫಿಕ್ಸ್ ವೇಗವರ್ಧನೆ ಸಾಮಾನ್ಯವಾಗಿ ದೊರೆಯದ ಕಾರಣ, ಇದು ಸರಿಯಾದ ಚಾಲಕವನ್ನು ಅಳವಡಿಸುವವರೆಗಿನ ತಾತ್ಕಾಲಿಕ ಉಪಾಯವಾಗಿದೆ.

ತಪ್ಪು ರೆಸಲ್ಯೂಶನ್

ಮಾನಿಟರ್ ತಾನು ಬೆಂಬಲಿಸುವ ರೆಸಲ್ಯೂಶನ್‌ಗಳ ವಿವರವನ್ನು ಇಡಿಐಡಿ ಎಂಬ ದತ್ತಾಂಶದ ಮೂಲಕ ಗಣಕಕ್ಕೆ ತಿಳಿಸುತ್ತದೆ. ಇದರ ಮೂಲ ಖಂಡದ ಗಾತ್ರ 128 ಬೈಟ್‌ಗಳು. ಕೇಬಲ್ ಸಡಿಲವಾಗಿದ್ದರೆ, ಅಥವಾ ನಡುವಿನ ಅಡಾಪ್ಟರ್ ಈ ಮಾಹಿತಿಯನ್ನು ದಾಟಿಸದಿದ್ದರೆ, ವ್ಯವಸ್ಥೆಯು 1024×768ರಂಥ ಕಡಿಮೆ ರೆಸಲ್ಯೂಶನ್‌ಗೆ ಇಳಿಯುತ್ತದೆ. ಆದ್ದರಿಂದ ತಂತ್ರಾಂಶವನ್ನು ಬದಲಿಸುವ ಮೊದಲು ಕೇಬಲ್ಲನ್ನು ಬದಲಿಸಿ ನೋಡುವುದು ಸೂಕ್ತ.

ಶಟ್‌ಡೌನ್ ವಿಳಂಬ

ಸಿಸ್ಟಮ್‌ಡಿ ಬಳಸುವ ವಿತರಣೆಗಳಲ್ಲಿ ಶಟ್‌ಡೌನ್ ಸಮಯದಲ್ಲಿ ಪ್ರತಿಯೊಂದು ಸೇವೆಗೂ ಮುಗಿಯುವಂತೆ ಸೂಚನೆ ಹೋಗುತ್ತದೆ. ಸೇವೆ ಪ್ರತಿಕ್ರಿಯಿಸದಿದ್ದರೆ ಸಿಸ್ಟಮ್‌ಡಿ ಪೂರ್ವನಿಯೋಜಿತವಾಗಿ 90 ಸೆಕೆಂಡು ಕಾದು, ಬಳಿಕ ಅದನ್ನು ಬಲವಂತವಾಗಿ ಕೊನೆಗೊಳಿಸುತ್ತದೆ. ಕೆಲವು ವಿತರಣೆಗಳು ಈ ಅವಧಿಯನ್ನು ಕಡಿಮೆ ಮಾಡಿವೆ. ಪರದೆಯಲ್ಲಿ ಸೇವೆಯ ಹೆಸರು ಮತ್ತು ಕಳೆದ ಸಮಯ ಕಾಣುತ್ತಿದ್ದರೆ ಯಂತ್ರ ಕೆಟ್ಟಿಲ್ಲ, ಕಾಯುತ್ತಿದೆ ಎಂದರ್ಥ. ಸಂಪರ್ಕ ಕಡಿದ ಜಾಲ ಡ್ರೈವ್‌ಗಳು ಇಂಥ ವಿಳಂಬಕ್ಕೆ ಒಂದು ಪರಿಚಿತ ಕಾರಣ. ಎಲ್ಲ ಸೇವೆಗಳೂ ನಿಂತ ಮೇಲೂ ಫ್ಯಾನ್ ಮತ್ತು ದೀಪಗಳು ಆರದಿದ್ದರೆ ಕರ್ನಲ್ ಚಾಲಕ ಅಥವಾ ಮದರ್‌ಬೋರ್ಡಿನ ಫರ್ಮ್‌ವೇರ್ ದೋಷವನ್ನು ಶಂಕಿಸಬಹುದು. ಅವುಗಳ ಹೊಸ ಆವೃತ್ತಿಯಿಂದ ಇದು ಪರಿಹಾರವಾಗಬಹುದು.

ಸುರಕ್ಷಿತ ಮರುಪ್ರಾರಂಭ

ಯಾವ ಉಪಾಯವೂ ಫಲಿಸದಿದ್ದಾಗ ಮ್ಯಾಜಿಕ್ ಸಿಸ್‌ಆರ್‌ಕ್ಯೂ ಸೌಲಭ್ಯವನ್ನು ಬಳಸಬಹುದು. ಆಲ್ಟ್ ಹಾಗೂ ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿಹಿಡಿದು, ಕೆಲವು ಸೆಕೆಂಡುಗಳ ಅಂತರದಲ್ಲಿ ಈ ಕೀಲಿಗಳನ್ನು ಕ್ರಮವಾಗಿ ಒತ್ತಬೇಕು:

* ಆರ್ – ಕೀಲಿಮಣೆಯ ನಿಯಂತ್ರಣವನ್ನು ಚಿತ್ರಾತ್ಮಕ ಸ್ತರದಿಂದ ಹಿಂಪಡೆಯುತ್ತದೆ
* ಇ – ಪ್ರಕ್ರಿಯೆಗಳಿಗೆ ಮುಗಿಯುವಂತೆ ಸೂಚಿಸುತ್ತದೆ
* ಐ – ಉಳಿದ ಪ್ರಕ್ರಿಯೆಗಳನ್ನು ಬಲವಂತವಾಗಿ ನಿಲ್ಲಿಸುತ್ತದೆ
* ಎಸ್ – ಸ್ಮೃತಿಯಲ್ಲಿರುವ ದತ್ತಾಂಶವನ್ನು ಡಿಸ್ಕ್‌ಗೆ ಬರೆಯುತ್ತದೆ
* ಯು – ಕಡತ ವ್ಯವಸ್ಥೆಗಳನ್ನು ಓದಲು ಮಾತ್ರ ಸಾಧ್ಯವಾಗುವ ಸ್ಥಿತಿಗೆ ತರುತ್ತದೆ
* ಬಿ – ಗಣಕವನ್ನು ತಕ್ಷಣ ಮರುಪ್ರಾರಂಭಿಸುತ್ತದೆ

ಉಬುಂಟುವಿನಲ್ಲಿ ಇದರ ಪೂರ್ವನಿಯೋಜಿತ ಮೌಲ್ಯ 176 ಆಗಿದ್ದು, ಕೊನೆಯ ಮೂರು ಕೀಲಿಗಳ ಕಾರ್ಯಗಳಿಗೆ ಅದು ಅನುಮತಿ ನೀಡುತ್ತದೆ. ದತ್ತಾಂಶದ ರಕ್ಷಣೆಗೆ ಮುಖ್ಯವಾದವು ಎಸ್ ಮತ್ತು ಯು. ಅವನ್ನು ಬಿಟ್ಟು ಬಿ ಕೀಲಿಯನ್ನು ಮಾತ್ರ ಒತ್ತಿದರೆ ಡಿಸ್ಕ್‌ಗೆ ಏನನ್ನೂ ಬರೆಯದೆ ಗಣಕ ಮರುಪ್ರಾರಂಭವಾಗುವುದರಿಂದ, ವಿದ್ಯುತ್ ಕಡಿದಾಗಿನ ಅಪಾಯವೇ ಇಲ್ಲಿಯೂ ಉಳಿಯುತ್ತದೆ.