ಮಧ್ಯ ಮೈದಾನದ ನೀರುಗಂಟಿ: ಕಾರ್ಲ್‌ಟನ್ ಚಾಪ್‌ಮನ್

ಮಂಡ್ಯ, ಮದ್ದೂರು, ಮಳವಳ್ಳಿಯ ವಿದ್ಯಾರ್ಥಿಗಳಿಗೆ ನೀರುಗಂಟಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದ್ದರೂ, ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವುದನ್ನು ಇಳಿಸಬೇಕು ಎಂದು ಬಲ್ಲವನು ಇಲ್ಲದಿದ್ದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ತಲುಪದು. ಆದರೆ ಸುಗ್ಗಿಯ ಕಾಲದಲ್ಲಿ ಊರವರ ಬಾಯಲ್ಲಿ ಇರುವುದು ಭತ್ತದ ಮೂಟೆಗಳ ಲೆಕ್ಕ. ನೀರು ಹಾಯಿಸಿದವನ ಹೆಸರನ್ನು ಯಾರೂ ಎತ್ತುವುದಿಲ್ಲ.

ಫುಟ್‌ಬಾಲ್ ಆಟದಲ್ಲಿ ಮಧ್ಯ ಮೈದಾನದ ಆಟಗಾರನ ಪಾಡೂ ಇದೇ. ಹಿಂದಿನ ಸಾಲಿನಿಂದ ಚೆಂಡನ್ನು ಪಡೆದು, ಮುಂದಿನ ಸಾಲಿಗೆ ಹಂಚುವವನು ಅವನು. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಹಂಚಿದವನ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ನಾಡಿನ ಕಾರ್ಲ್‌ಟನ್ ಚಾಪ್‌ಮನ್ ಆಡುವಾಗಲೂ ಹಂಚುವ ಕೆಲಸ ಮಾಡಿದರು, ಆಟ ಬಿಟ್ಟ ಮೇಲೆ ತರಬೇತುದಾರರಾಗಿಯೂ ಅದನ್ನೇ ಮಾಡಿದರು. ಅವರ ಬದುಕನ್ನು ಈ ದೃಷ್ಟಿಯಿಂದ ನೋಡುವುದು ಒಳ್ಳೆಯದು.

ಕರ್ನಾಟಕಕ್ಕೆ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರು ಬೆಂಗಳೂರಿನ ಆಟಗಾರರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ಭಾರತ ತಂಡದಲ್ಲಿ ಕೆಂಪಯ್ಯನವರಿದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತ್ತು. ನಾಲ್ಕನೆಯ ಗೆಲುವು 1968-69ರದು. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಬೀದಿಗಳಲ್ಲಿ ಕ್ರಿಕೆಟ್‌ಗಿಂತ ಕಾಲ್ಚೆಂಡಿನ ಹುಚ್ಚೇ ಹೆಚ್ಚು. ಎಚ್.ಎ.ಎಲ್., ಐ.ಟಿ.ಐ.ಯಂತಹ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ನೌಕರಿಯನ್ನೂ ಕೊಟ್ಟವು.

ಇಂಥ ಬೆಂಗಳೂರಿನಲ್ಲಿ ಚಾಪ್‌ಮನ್ 1971ರ ಏಪ್ರಿಲ್ 13ರಂದು ಹುಟ್ಟಿದರು. 1990ರಲ್ಲಿ ಅವರಿಗೆ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರುವ ಅವಕಾಶ ದೊರೆಯಿತು. 1987ರಲ್ಲಿ ಆರಂಭವಾದ ಈ ಸಂಸ್ಥೆ ಹುಡುಗರನ್ನು ವಸತಿಯಲ್ಲಿರಿಸಿಕೊಂಡು ಕ್ರಮಬದ್ಧವಾಗಿ ಆಟ ಕಲಿಸುತ್ತಿತ್ತು. ಅಲ್ಲಿಂದ 1993ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದರು. ಅದೇ ವರ್ಷ ಏಷ್ಯಾ ಮಟ್ಟದ ಪಂದ್ಯವೊಂದರಲ್ಲಿ ಈಸ್ಟ್ ಬೆಂಗಾಲ್ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿತು. ಆರು ಗೋಲುಗಳಲ್ಲಿ ಮೂರು ಚಾಪ್‌ಮನ್ ಅವರವು. ಹಂಚುವ ಆಟಗಾರ ತಾನೇ ಬಾಚಿಕೊಂಡ ಅಪರೂಪದ ದಿನ ಅದು.

1995ರಲ್ಲಿ ಅವರು ಪಂಜಾಬಿನ ಜೆ.ಸಿ.ಟಿ. ಸೇರಿದರು. ಇದು ಬಟ್ಟೆ ಗಿರಣಿಯೊಂದರ ತಂಡ. ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ, ಕರ್ನಾಟಕದ ಚಾಪ್‌ಮನ್: ದೇಶದ ಮೂರು ಮೂಲೆಗಳ ಮೂವರು ಆ ತಂಡದಲ್ಲಿ ಒಂದಾದರು. ದೇಶದ ಮೊದಲ ರಾಷ್ಟ್ರೀಯ ಲೀಗ್ 1996-97ರಲ್ಲಿ ನಡೆದಾಗ ಜೆ.ಸಿ.ಟಿ. ಚಾಂಪಿಯನ್ ಆಯಿತು. 14 ಗೋಲು ಹೊಡೆದ ಭುಟಿಯಾ ಲೀಗಿನಲ್ಲೇ ಮೊದಲಿಗರಾದರು. ಮುಂದೆ ಚಾಪ್‌ಮನ್ ಎಫ್.ಸಿ. ಕೊಚ್ಚಿನ್‌ಗೆ ಆಡಿ, ಈಸ್ಟ್ ಬೆಂಗಾಲ್‌ಗೆ ಮರಳಿದರು. ಅವರ ನಾಯಕತ್ವದಲ್ಲಿ ಆ ತಂಡ 2000-01ರ ರಾಷ್ಟ್ರೀಯ ಲೀಗ್ ಗೆದ್ದಿತು. 1995ರಿಂದ 2001ರವರೆಗೆ ಭಾರತಕ್ಕೂ ಆಡಿದರು, ತಂಡವನ್ನು ಮುನ್ನಡೆಸಿದರು. 1997ರಲ್ಲಿ ಕಾಠ್ಮಂಡುವಿನಲ್ಲಿ ಮಾಲ್ಡೀವ್ಸನ್ನು 5-1ರಿಂದ ಸೋಲಿಸಿ ದಕ್ಷಿಣ ಏಷ್ಯಾ ಕಪ್ ಗೆದ್ದ ತಂಡದಲ್ಲೂ ಇದ್ದರು.

2001ರಲ್ಲಿ, ಮೂವತ್ತರ ವಯಸ್ಸಿಗೆ, ವೃತ್ತಿಪರ ಆಟ ನಿಲ್ಲಿಸಿದರು. ಮರುವರ್ಷವೇ ಟಾಟಾ ಅಕಾಡೆಮಿಯಲ್ಲಿ ತರಬೇತುದಾರರಾದರು. ಹನ್ನೆರಡು ವರ್ಷಗಳ ಹಿಂದೆ ಕಲಿಯಲು ಹೋಗಿದ್ದ ಮೈದಾನಕ್ಕೆ ಈಗ ಕಲಿಸಲು ಹೋದರು.

ಆಡುವವನು ಕಲಿಸುವವನಾಗುವುದು ಸುಲಭದ ಬದಲಾವಣೆಯಲ್ಲ. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಪಂದ್ಯ 90 ನಿಮಿಷ, ಆಟಗಾರರು 22, ಚೆಂಡು ಒಂದೇ. ಸಮನಾಗಿ ಹಂಚಿದರೂ ಒಬ್ಬನ ಪಾಲಿಗೆ ಚೆಂಡು ಸಿಗುವುದು ಸುಮಾರು ನಾಲ್ಕು ನಿಮಿಷ. ಉಳಿದ 86 ನಿಮಿಷ ಅವನು ಏನು ಮಾಡಬೇಕು? ಎಲ್ಲಿ ನಿಲ್ಲಬೇಕು, ಯಾವ ಕಡೆ ಓಡಿದರೆ ಜೊತೆಗಾರನಿಗೆ ದಾರಿ ತೆರೆಯುತ್ತದೆ, ಚೆಂಡು ಹಿಡಿದವನ ಎಡಬಲದಲ್ಲಿ ಇಬ್ಬರು ನಿಂತು ತ್ರಿಕೋನ ಮೂಡಿಸುವುದು ಹೇಗೆ? ತರಬೇತಿಯ ಬಹುಪಾಲು ಈ 86 ನಿಮಿಷಗಳದು. ದೂರದರ್ಶನದ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಮನೆಯಲ್ಲಿ ಕುಳಿತು ನೋಡುವ ನಮಗೆ ಅದು ಕಾಣುವುದಿಲ್ಲ. ಮಧ್ಯ ಮೈದಾನದ ಆಟಗಾರ ಮಾತ್ರ ಚೆಂಡು ಬರುವ ಮೊದಲೇ ಇಡೀ ಅಂಗಳವನ್ನು ಕಣ್ಣಲ್ಲಿ ಅಳೆದಿರಬೇಕು. ತರಬೇತುದಾರನಿಗೆ ಬೇಕಾದದ್ದೂ ಇದೇ ಕಣ್ಣು. ಆದರೆ ಕಾಲಿಗೆ ತಿಳಿದದ್ದನ್ನು ಅವನು ಬಾಯಲ್ಲಿ ಬಿಡಿಸಿ ಹೇಳಬೇಕು.

ಚಾಪ್‌ಮನ್ ಅವರ ತರಬೇತಿಯ ಹಾದಿ ದೊಡ್ಡ ಕ್ಲಬ್ಬುಗಳ ಮೂಲಕ ಹೋಗಲಿಲ್ಲ. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, 2017ರಲ್ಲಿ ಕೋಳಿಕ್ಕೋಡಿನ ಕ್ವಾರ್ಟ್ಜ್: ಹೀಗೆ ಎರಡನೆಯ ದರ್ಜೆಯ ಮತ್ತು ಸ್ಥಳೀಯ ಲೀಗುಗಳ ಹುಡುಗರ ನಡುವೆ ಅವರು ದುಡಿದರು. ಈ ನಡುವೆ ಆಟಕ್ಕೆ ಆಸರೆಯಾಗಿದ್ದ ಹಳೆಯ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಎಫ್.ಸಿ. ಕೊಚ್ಚಿನ್ ಕೆಲವೇ ವರ್ಷ ಬಾಳಿತು. 2011ರಲ್ಲಿ ಜೆ.ಸಿ.ಟಿ. ಕೂಡ ತನ್ನ ತಂಡವನ್ನು ಮುಚ್ಚಿತು. ಕಾರ್ಖಾನೆಯ ತಂಡ ಹೋದರೆ ಹನ್ನೊಂದು ಜನರ ಆಟವಷ್ಟೇ ಹೋಗುವುದಿಲ್ಲ. ಆಡಿದವರು ನೆಮ್ಮದಿಯಾಗಿ ಕಲಿಸುವವರಾಗುವ ದಾರಿಯೂ ಕಿರಿದಾಗುತ್ತದೆ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಚಾಪ್‌ಮನ್ ತೀರಿಕೊಂಡರು. ಆಗ ಅವರಿಗೆ 49 ವರ್ಷ. ತರಬೇತುದಾರನ ಬುದ್ಧಿ ಹದಕ್ಕೆ ಬರುವ ವಯಸ್ಸು. ಇದಾದ ಮೂರು ವರ್ಷದೊಳಗೆ, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್‌ನಲ್ಲಿ 3-2ರಿಂದ ಸೋತ ಎದುರಾಳಿ ಮೇಘಾಲಯ. ಚಾಪ್‌ಮನ್ ಹುಟ್ಟಿದ ರಾಜ್ಯ ಒಂದು ಕಡೆ, ಅವರು ಕಲಿಸಿದ ರಾಜ್ಯ ಇನ್ನೊಂದು ಕಡೆ. ಅದನ್ನು ನೋಡಲು ಅವರಿರಲಿಲ್ಲ.

ತರಬೇತುದಾರರಾಗಲು ಇಂದು ಭಾರತದಲ್ಲಿ ಡಿ, ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳ ಪರವಾನಗಿ ಪದ್ಧತಿ ಇದೆ. ಮೊದಲ ಮೆಟ್ಟಿಲು ಹತ್ತಲು ಹೆಸರಾಂತ ಆಟಗಾರನೇ ಆಗಿರಬೇಕೆಂದಿಲ್ಲ. ಮಂಡ್ಯದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಆ ನೂರು ಕಿಲೋಮೀಟರ್‌ಗಳಾಚೆ ಬೆಳೆದ ವಿದ್ಯೆಯನ್ನು ನಾಲೆಯ ಕೊನೆಯ ಊರಿನ ಶಾಲಾ ಮೈದಾನಕ್ಕೆ ಹಾಯಿಸಲು ಯಾರಾದರೂ ಬೇಕು. ಮುಂದಿನ ಸಲ ಪಂದ್ಯ ನೋಡುವಾಗ ಹತ್ತು ನಿಮಿಷ ಚೆಂಡನ್ನು ಬಿಟ್ಟು, ಮಧ್ಯದಲ್ಲಿ ಆಡುವ ಒಬ್ಬನನ್ನೇ ನೋಡಿ. ಅವನು ಎಷ್ಟು ಬಾರಿ ತಲೆಯೆತ್ತಿ ಸುತ್ತ ನೋಡಿದ, ಎಷ್ಟು ಜನರಿಗೆ ಚೆಂಡು ಕೊಟ್ಟ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತರಬೇತಿಯ ಮೊದಲ ಪಾಠ ಅಲ್ಲಿಂದ ಶುರುವಾಗುತ್ತದೆ.